ಸರ್ಕಾರಿ ಕಾರ್ಡ್, ಯಶಸ್ವಿನಿ, ಖಾಸಗಿ ಪಾಲಿಸಿ: ಒಂದೇ ಮನೆಯಲ್ಲಿ ಮೂರನ್ನೂ ಬಳಸಿ ನೋಡಿದ್ದು

"ಸರ್ಕಾರದ್ದು ಇರುವಾಗ ನೀ ಯಾಕ ರೊಕ್ಕ ಕಟ್ತಿ?" ಅಂತ ನನ್ನ ಆರೋಗ್ಯ ವಿಮೆ ಪಾಲಿಸಿ ನವೀಕರಿಸುವಾಗೆಲ್ಲ ಅಣ್ಣ ಕೇಳುತ್ತಾನೆ. ಆಳಂದ ಕಡೆಯ ಊರಿನಲ್ಲಿರುವ ಅವನದು ಬಿಪಿಎಲ್ ಕಾರ್ಡ್. ಅವ್ವನ ಹೆಸರೂ ಅದರಲ್ಲೇ ಇದೆ. ಊರಿನ ಸಹಕಾರಿ ಸೊಸೈಟಿಯಲ್ಲಿ, ಅದರ ಸದಸ್ಯರಿಗಿರುವ ಯಶಸ್ವಿನಿ ಆರೋಗ್ಯ ಯೋಜನೆಯನ್ನೂ ಮಾಡಿಸಿದ್ದಾನೆ. ನಾನು ಕಲಬುರಗಿಯಲ್ಲಿ ಖಾಸಗಿ ನೌಕರ, ಎಪಿಎಲ್. ಸಂಬಳ 21 ಸಾವಿರ ದಾಟಿದ್ದರಿಂದ ನೌಕರರಿಗಿರುವ ಸರ್ಕಾರಿ ವಿಮೆ ಇಎಸ್‌ಐ ಕೂಡ ಇಲ್ಲ. ಅಣ್ಣನ ಪ್ರಶ್ನೆ ಸರಿಯಾದದ್ದೇ. ಆದರೆ ಉತ್ತರ ಹೇಳಬೇಕಾದರೆ ಮೊದಲು ಒಂದು ಗೊತ್ತಾಗಬೇಕು: ಚಿಕಿತ್ಸೆ ಕಲಬುರಗಿಯಲ್ಲೇ ಮುಗಿಯುತ್ತದೋ, ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಬೇಕೋ?

ಸರ್ಕಾರಿ ಕಾರ್ಡ್ ಅಂದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರದ, ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷ ಮೀರದಂತೆ. ನಮ್ಮ ಭಾಗಕ್ಕೆ ಇಂಥದ್ದು ಹೊಸದಲ್ಲ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಶುರುವಾಗಿದ್ದೇ ಗುಲಬರ್ಗಾ ವಿಭಾಗದಿಂದ.

ಅವ್ವನಿಗೆ ಎದೆನೋವು ಬಂದಾಗ ಈ ಕಾರ್ಡಿನ ಬೆಲೆ ಗೊತ್ತಾಯಿತು. ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆ ಇದೆ, 2024ರ ಡಿಸೆಂಬರ್‌ನಿಂದ 371 ಹಾಸಿಗೆಗಳ ಹೊಸ ಕಟ್ಟಡವೂ ಇದೆ. ಅದು ಸರ್ಕಾರದ್ದೇ ಸಂಸ್ಥೆ, ಹಾಗಾಗಿ ರೆಫರಲ್, ಅಂದರೆ ಸರ್ಕಾರಿ ಆಸ್ಪತ್ರೆಯಿಂದ ಹೊರಗೆ ಕಳಿಸುವ ಚೀಟಿ, ತರುವ ತಾಪತ್ರಯ ಇಲ್ಲ. ಸ್ಟೆಂಟ್ ಹಾಕಿದರು. ನಾವು ಖರ್ಚು ಮಾಡಿದ್ದು ನಮ್ಮ ಊಟಕ್ಕೆ, ಆಟೋಗೆ, ಅಷ್ಟೆ. ಹೃದಯದ ವಿಷಯದಲ್ಲಿ ಬಿಪಿಎಲ್ ಮನೆಯವರು ಖಾಸಗಿ ಪಾಲಿಸಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ ಅಂತಲೇ ನನಗನಿಸಿದ್ದು.

ಕಾರ್ಡ್ ಕೈಕೊಟ್ಟಿದ್ದು ಅಣ್ಣನ ಹರ್ನಿಯಾಗೆ. ಊರವರೆಲ್ಲ ಹೋಗುವ ಖಾಸಗಿ ಆಸ್ಪತ್ರೆಗೆ ಹೋದ. ಕೌಂಟರ್‌ನಲ್ಲಿದ್ದವರು ಕಾರ್ಡ್ ತಿರುಗಿಸಿ ನೋಡಿ, "ರೆಫರಲ್ ಎಲ್ಲದ ರೀ ಅಣ್ಣಾರ?" ಅಂದರು. ರೆಫರಲ್ ಕೇಳಲು ಸರ್ಕಾರಿ ಆಸ್ಪತ್ರೆಗೆ ಹೋದರೆ, "ಈ ಆಪರೇಶನ್ ನಮ್ಮಲ್ಲೇ ಆಗ್ತದ, ಹೊರಗ ಯಾಕ ಬರೆದುಕೊಡ್ಲಿ?" ಅಂದರು. ನಿಯಮ ಇರುವುದೇ ಹಾಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಆಗದ್ದಕ್ಕೆ ಮಾತ್ರ ಹೊರಗೆ ಕಳಿಸುತ್ತಾರೆ, ತುರ್ತು ಇದ್ದರೆ ಬೇರೆ ಮಾತು. ಸರದಿ ಕಾಯುವ ಮನಸ್ಸು ಅಣ್ಣನಿಗಿರಲಿಲ್ಲ.

ಅವನನ್ನು ಪಾರು ಮಾಡಿದ್ದು ಯಶಸ್ವಿನಿ. 2018ರಲ್ಲಿ ನಿಂತುಹೋಗಿದ್ದ ಯೋಜನೆ 2022ರ ನಂತರ ಮತ್ತೆ ಶುರುವಾಯಿತು. ಅಣ್ಣ ಹಳ್ಳಿಯ ಸದಸ್ಯ ಅಂತ ನಾಲ್ಕು ಜನಕ್ಕೆ 500 ರೂಪಾಯಿ, ಮೇಲಿನ ಪ್ರತಿಯೊಬ್ಬರಿಗೆ 100 ಕಟ್ಟಿದ್ದ. ಪಟ್ಟಿಯಲ್ಲಿದ್ದ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಆಪರೇಶನ್ ಆಯಿತು. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಕೊಡುವುದು ಬೇರೆ ಯಾವುದೂ ಇಲ್ಲ. ಆದರೆ ಇದು ಹೆಚ್ಚಾಗಿ ಆಪರೇಶನ್‌ಗೆ. ಜ್ವರ ಬಂದು ಅಡ್ಮಿಟ್ ಆದರೆ ಇದನ್ನು ನೆಚ್ಚಿಕೊಳ್ಳಬೇಡಿ. ನೋಂದಣಿಯೂ ವರ್ಷಕ್ಕೊಮ್ಮೆ, ದಿನಾಂಕ ದಾಟಿದರೆ ಮುಂದಿನ ವರ್ಷವೇ.

ಇನ್ನು ನನ್ನ ಪಾಲಿಸಿ. ಮೊದಲು ತೆಗೆದುಕೊಂಡಿದ್ದು ಆರೋಗ್ಯ ಸಂಜೀವನಿ. ಎಲ್ಲ ಕಂಪನಿಗಳೂ ಒಂದೇ ನಿಯಮದಲ್ಲಿ ಮಾರುವ ಪಾಲಿಸಿ ಇದು, ಹಾಗಾಗಿ ಏಜೆಂಟರ ಬಣ್ಣದ ಮಾತಿಗೆ ಜಾಸ್ತಿ ಜಾಗ ಇಲ್ಲ. ಮಗಳಿಗೆ ಡೆಂಗ್ಯೂ ಆದಾಗ ಕಲಬುರಗಿಯಲ್ಲೇ ಕ್ಯಾಶ್‌ಲೆಸ್ ಆಯಿತು, ಅಂದರೆ ಬಿಲ್ಲನ್ನು ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟಿತು, ಕಿರಿಕಿರಿ ಇರಲಿಲ್ಲ.

ಇದರ ಬಂಡವಾಳ ಬಯಲಾಗಿದ್ದು ಹೆಂಡತಿಯ ಪಿತ್ತಕೋಶದ ಕಲ್ಲಿಗೆ ಹೈದರಾಬಾದಿಗೆ ಹೋದಾಗ. ಕಲ್ಲು, ಹರ್ನಿಯಾ, ಕಣ್ಣಿನ ಪೊರೆ ಇವಕ್ಕೆಲ್ಲ ಪಾಲಿಸಿ ತೆಗೆದುಕೊಂಡ ಮೇಲೆ 24 ತಿಂಗಳು ಕಾಯಬೇಕು. ನಮ್ಮದು ಅದು ಮುಗಿದಿತ್ತು. ತೊಡಕಾಗಿದ್ದು ರೂಮು. ಈ ಪಾಲಿಸಿಯಲ್ಲಿ ರೂಮ್ ಬಾಡಿಗೆ ದಿನಕ್ಕೆ ವಿಮೆ ಮೊತ್ತದ ಶೇ 2, ಹೆಚ್ಚೆಂದರೆ 5,000. ಅವತ್ತು ಖಾಲಿ ಇದ್ದದ್ದು 8,000ದ ರೂಮು. ದಿನಕ್ಕೆ ಮೂರು ಸಾವಿರ ನಾವು ಹಾಕಿದರಾಯಿತು ಅಂದುಕೊಳ್ಳುತ್ತಾರೆ ಎಲ್ಲರೂ. ಹಾಗಲ್ಲ. ಸರ್ಜನ್ ಫೀ, ಅರಿವಳಿಕೆ, ಓಟಿ, ನರ್ಸಿಂಗ್ ಎಲ್ಲವನ್ನೂ ಎಂಟರಲ್ಲಿ ಐದು ಪಾಲಿಗೆ ಇಳಿಸುತ್ತಾರೆ. 80 ಸಾವಿರಕ್ಕೆ 50 ಸಾವಿರ ಅಂತ ಲೆಕ್ಕ. ಔಷಧಿ, ಟೆಸ್ಟ್‌ಗಳಿಗೆ ಈ ಕತ್ತರಿ ಇಲ್ಲ, ಪುಣ್ಯಕ್ಕೆ. ಕೊನೆಗೆ ಒಟ್ಟು ಮೊತ್ತದಲ್ಲಿ ಶೇ 5 ನಮ್ಮದೇ, ಇದಕ್ಕೆ ಕೋ-ಪೇ ಅನ್ನುತ್ತಾರೆ. ಕಂಪನಿ ಕೊಡದ ಕೈಗವಸು, ಮಾಸ್ಕ್‌ಗಳ ಪಟ್ಟಿ ಬೇರೆ. ಡಿಸ್‌ಚಾರ್ಜ್ ಹೊತ್ತಿಗೆ ಮೂರು ಗಂಟೆಯೊಳಗೆ ಒಪ್ಪಿಗೆ ಕೊಡಬೇಕು ಅಂತ 2024ರಿಂದ ವಿಮೆ ಕಂಪನಿಗಳ ನಿಯಂತ್ರಕ ಐಆರ್‌ಡಿಎಐ ನಿಯಮ ಇದೆ. ನಾವು ಬೆಳಿಗ್ಗೆ ಬಟ್ಟೆ ಕಟ್ಟಿಕೊಂಡು ಕೂತವರು ದೀಪ ಹಚ್ಚೋ ಹೊತ್ತಿಗೆ ಹೊರಬಿದ್ದೆವು.

ಇಷ್ಟಾದರೂ ಪಾಲಿಸಿ ಬಿಡಲಿಲ್ಲ. ಎಪಿಎಲ್‌ನವರಿಗೆ ಶೇ 30 ನಂಬಿಕೊಂಡು ಹೈದರಾಬಾದಿಗೆ ಹೋಗಲಾಗುತ್ತದಾ? ರೂಮ್ ಮಿತಿ, ಕೋ-ಪೇ ಎರಡೂ ಇಲ್ಲದ ಪಾಲಿಸಿಗೆ ಪೋರ್ಟ್ ಮಾಡಿಸಿದೆ, ಅಂದರೆ ಹಳೆಯದನ್ನು ಬೇರೆ ಕಂಪನಿಗೆ ವರ್ಗಾಯಿಸಿದೆ. ಪೋರ್ಟ್ ಮಾಡಿದರೆ ಹಳೆ ವಿಮೆ ಮೊತ್ತದ ಮಟ್ಟಿಗೆ ಕಾದ ತಿಂಗಳುಗಳು ವ್ಯರ್ಥವಾಗುವುದಿಲ್ಲ. ಕಂತು ಜಾಸ್ತಿ, ಆದರೆ 2025ರ ಸೆಪ್ಟೆಂಬರ್ 22ರಿಂದ ಶೇ 18 ಜಿಎಸ್‌ಟಿ ಹೋಗಿದ್ದರಿಂದ ಸ್ವಲ್ಪ ಉಸಿರಾಡುವಂತಾಗಿದೆ.

ಅವ್ವನನ್ನು ಇದಕ್ಕೆ ಸೇರಿಸಲಿಲ್ಲ. ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು, ವಯಸ್ಸಿಗೆ ತಕ್ಕ ಕಂತು ಬೇರೆ. ಅವಳಿಗೆ ಕಾರ್ಡೂ ಇದೆ, ಜಯದೇವವೂ ಹತ್ತಿರ. ಅಣ್ಣನಿಗೂ ಖಾಸಗಿ ಪಾಲಿಸಿ ತಗೋ ಅಂತ ನಾನು ಹೇಳುವುದಿಲ್ಲ. ಸೊಸೈಟಿ ನೋಂದಣಿ ತಪ್ಪಿಸಬೇಡ ಅಂತ ಮಾತ್ರ ಹೇಳುತ್ತೇನೆ.

ಕಂತು ಕಟ್ಟುವ ಮುಂಚೆ ಈಗ ಒಂದು ಕೆಲಸ ಮಾಡುತ್ತೇನೆ. ಕಂಪನಿಯ ಆಪ್ ನೋಡಿ ಸುಮ್ಮನಾಗದೆ, ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿಗೇ ಫೋನ್ ಹಚ್ಚಿ ಕ್ಯಾಶ್‌ಲೆಸ್ ಇದೆಯಾ ಅಂತ ಕೇಳುತ್ತೇನೆ. ನಾವು ನೆಚ್ಚಿಕೊಂಡಿದ್ದ ಸೊಲ್ಲಾಪುರದ ಒಂದು ಆಸ್ಪತ್ರೆ ಈ ಸಲ ಪಟ್ಟಿಯಿಂದ ಹೊರಗಿದೆಯಂತೆ. ಕಂಪನಿ ಮತ್ತೆ ಬದಲಿಸಬೇಕಾ ಅಂತ ಈಗ ನೋಡುತ್ತಿದ್ದೇನೆ.