40, 120, 300 ಲೀಟರ್: ಯಾವ ರೀಫ್ ಟ್ಯಾಂಕ್ ಎಷ್ಟು ಟೈಮ್ ತಗೊಳತ್ತೆ

ರೀಫ್ ಟ್ಯಾಂಕ್ ಅಂದ್ರೆ ಉಪ್ಪುನೀರಲ್ಲಿ ಕೋರಲ್ (ಹವಳ), ಮೀನು ಸಾಕೋ ಅಕ್ವೇರಿಯಂ. ನನ್ನ 300 ಲೀಟರ್ ಟ್ಯಾಂಕ್ ಮಾರಿ 120ಕ್ಕೆ ಬಂದು ಎಂಟು ತಿಂಗ್ಳಾಯ್ತು, ಇನ್ನು ನಾನಂತೂ ಈ ಸೈಜು ಬಿಡಲ್ಲ. ಮೊದ್ಲು 40 ಲೀಟರ್ ನ್ಯಾನೋ, ಅಂದ್ರೆ ಪುಟ್ಟ ಟ್ಯಾಂಕ್ ಇತ್ತು, ಹಾಗಾಗಿ ಮೂರನ್ನೂ ಸಾಕಿ ನೋಡಿದ್ದಾಗಿದೆ.

"ದೊಡ್ಡದು ತಗೊ, ನೋಡ್ಕೊಳೋದು ಸುಲಭ" ಅಂತ ಎಲ್ರೂ ಹೇಳ್ತಾರೆ, ನಾನೂ ಅದನ್ನ ನಂಬಿಯೇ ತಗೊಂಡಿದ್ದು. ಅರ್ಧ ನಿಜ. ನೀರು ಜಾಸ್ತಿ ಇದ್ರೆ ಏರುಪೇರು ನಿಧಾನಕ್ಕೆ ಆಗತ್ತೆ, ಅಷ್ಟರೊಳಗೆ ಸರಿಮಾಡ್ಕೋಬಹುದು. ಆದ್ರೆ ಕೆಲ್ಸ ಕಮ್ಮಿ ಆಗತ್ತೆ ಅನ್ನೋದು ಸುಳ್ಳು.

ನ್ಯಾನೋದಲ್ಲಿ ಒಂದೊಂದು ಕೆಲ್ಸನೂ ಚಿಕ್ಕದು, ಆದ್ರೆ ಒಂದಿನನೂ ತಪ್ಪಿಸೋ ಹಾಗಿಲ್ಲ. ಫ್ಯಾನ್ ಹಾಕಿದ್ರೆ ದಿನಕ್ಕೆ ಒಂದೂವರೆ ಲೀಟರ್ ಆವಿಯಾಗೋದು, ಉಪ್ಪು ಮಾತ್ರ ಒಳಗೇ ಉಳಿಯತ್ತಲ್ಲ, 35 ಪಿಪಿಟಿ (ಸಾವಿರ ಭಾಗ ನೀರಲ್ಲಿ 35 ಭಾಗ ಉಪ್ಪು) ಇದ್ದಿದ್ದು ಎರಡು ದಿನ ನೀರು ಹಾಕ್ದಿದ್ರೆ 37.8ಕ್ಕೆ ಹೋಗತ್ತೆ. ಒಂದ್ಸಲ ಊರಿಗೆ ಹೋಗಿ ಬರೋಷ್ಟರಲ್ಲಿ ಹ್ಯಾಮರ್ ಕೋರಲ್ ಪೂರ್ತಿ ಮುದುಡ್ಕೊಂಡಿತ್ತು.

ಈಗ 300ರ ವಿಷ್ಯ. ನನ್ನನ್ನ ಸುಸ್ತು ಮಾಡಿದ್ದು ಮೀನೂ ಅಲ್ಲ ಕೋರಲ್ಲೂ ಅಲ್ಲ, ನೀರು ತಯಾರು ಮಾಡೋದು. ವಾರಕ್ಕೆ 10% ಬದಲಾಯಿಸ್ಬೇಕು ಅಂದ್ರೆ 30 ಲೀಟರ್ ಅಷ್ಟೇ ತಾನೆ ಅಂದ್ಕೊಂಡಿದ್ದೆ. ಆದ್ರೆ ಆವಿಯಾಗಿ ಹೋಗೋದು ದಿನಕ್ಕೆ ಐದು ಲೀಟರ್, ವಾರಕ್ಕೆ 35, ಅಂದ್ರೆ ಬದಲಾಯಿಸೋ ನೀರಿಗಿಂತ ಜಾಸ್ತಿ! ಎರಡೂ ಸೇರಿ 65 ಲೀಟರ್ ಆರ್‌ಒ ನೀರು, ನನ್ನ ಯೂನಿಟ್ ಗಂಟೆಗೆ ಎಂಟು ಲೀಟರ್ ಕೊಡತ್ತೆ, ಲೆಕ್ಕ ಹಾಕಿ. ಡ್ರಮ್ಮಿಗೆ ಪೈಪ್ ಬಿಟ್ಟು ಆಗಾಗ ಎದ್ದೋಗಿ ನೋಡ್ಬೇಕು, ಒಂದಿನ ರಾತ್ರಿ ಮರೆತು ಮಲಗಿದೆ, ಬೆಳಿಗ್ಗೆ ರೂಮಿನ ತುಂಬ ನೀರು.

ಅದಾದ್ಮೇಲೆ ಬದಲಾಯಿಸೋ 30 ಲೀಟರಿಗೆ ಒಂದು ಕೇಜಿ ಚಿಲ್ರೆ ಉಪ್ಪು ಹಾಕಿ, ಪಂಪ್ ಬಿಟ್ಟು, ತಿಳಿಯಾಗೋವರೆಗೂ ಕಲಸಿ, ಬಿಸಿ ಟ್ಯಾಂಕಿನಷ್ಟೇ ಇದೆಯಾ ನೋಡಿ, ಆಮೇಲೆ ಬಕೆಟ್ ಎತ್ತೋದು. ತುಂಬಿದ ಬಕೆಟ್ಟನ್ನ ಎದೆ ಮಟ್ಟಕ್ಕೆ ಎತ್ತಿ ಸುರಿಯೋಕೆ ಆಗ್ತಿರ್ಲಿಲ್ಲ, ಅರ್ಧರ್ಧ ತುಂಬಿ ನಾಲ್ಕು ಸಲ, ಹಳೇ ನೀರು ಹೊರಗೆ ಹಾಕೋಕೆ ಇನ್ನೂ ನಾಲ್ಕು ಸಲ. ಭಾನುವಾರ ಮೂರು ಗಂಟೆ ಇದಕ್ಕೇ ಹೋಗೋದು. ಎರಡು ವಾರ ಮುಂದೂಡಿದೆ, ಮೂರನೇ ವಾರಕ್ಕೆ ಕಲ್ಲಿನ ಮೇಲೆಲ್ಲ ಕೂದಲು ಪಾಚಿ.

ನೀರಿನ ಟೆಸ್ಟಿಂಗ್ ಮೂರರಲ್ಲೂ ಒಂದೇ, ಆಲ್ಕಲಿನಿಟಿ (ಕ್ಷಾರೀಯತೆ) ಕ್ಯಾಲ್ಸಿಯಂ ಎರಡೂ ಸೇರಿ ಹತ್ತು ನಿಮಿಷ, ಟ್ಯಾಂಕ್ ದೊಡ್ಡದಾದ್ರೆ ಟ್ಯೂಬೇನು ದೊಡ್ಡದಾಗಲ್ಲ. ಗಾಜು ಉಜ್ಜೋದು ಮಾತ್ರ 300ರಲ್ಲಿ ಕಷ್ಟ, ಕೆಳಗಿನ ಮೂಲೆಗೆ ಕೈ ಸಿಗಲ್ಲ, ಅಲ್ಲಿ ಕೋರಲೈನ್ ಅನ್ನೋ ಗಟ್ಟಿ ಪಾಚಿ ಕಲ್ಲಿನ ಥರ ಕೂತಿರತ್ತೆ.

120ರಲ್ಲಿ ವಾರಕ್ಕೆ 12 ಲೀಟರ್, ಒಂದೇ ಬಕೆಟ್, ಉಪ್ಪು 450 ಗ್ರಾಂ ಸಾಕು. ಆವಿಯಾದಷ್ಟು ನೀರನ್ನ ತಾನೇ ತುಂಬೋ ಆಟೋ ಟಾಪ್ ಆಫ್ ಹಾಕಿದೀನಿ, ಪಕ್ಕದ ಕ್ಯಾನ್ ತುಂಬಿಟ್ರೆ ನಾಲ್ಕು ದಿನ ಆರಾಮ. ದಿನಾ ಐದು ನಿಮಿಷ, ಭಾನುವಾರ ಮುಕ್ಕಾಲು ಗಂಟೆ. ಆಫೀಸಿಂದ ಲೇಟಾಗಿ ಬರೋ ನನ್ನಂಥವ್ರಿಗೆ, ಉಪ್ಪಿಗೇ ತಿಂಗ್ಳಾ ತಿಂಗ್ಳಾ ಜಾಸ್ತಿ ದುಡ್ಡು ಹಾಕೋಕೆ ಆಗ್ದವ್ರಿಗೆ ಇದೇ ಸರಿ. ನ್ಯಾನೋ ಇಟ್ಕೊಳೋದಾದ್ರೂ ಆಟೋ ಟಾಪ್ ಆಫ್ ಇಲ್ದೆ ಬೇಡ್ವೇ ಬೇಡ.

ನೀರು ಬರೋ ಪೈಪೂ ಡ್ರೇನೂ ಟ್ಯಾಂಕಿನ ಹತ್ರನೇ ಇದ್ರೆ 300 ತಗೊಳಿ, ಬಕೆಟ್ ಎತ್ತೋ ಗೋಳೇ ಇರಲ್ಲ. 120ಕ್ಕೆ ಬಂದು ನಾನು ಕಳ್ಕೊಂಡಿದ್ದು ಅಂದ್ರೆ ಯೆಲ್ಲೋ ಟ್ಯಾಂಗ್ ಅನ್ನೋ ಹಳದಿ ಮೀನು. ಅದಕ್ಕೆ ಈಜೋಕೆ 120ರಲ್ಲಿ ಜಾಗ ಸಾಲಲ್ಲ, ದೊಡ್ಡ ಟ್ಯಾಂಕ್ ಇರೋ ಗೆಳೆಯನಿಗೆ ಕೊಟ್ಟೆ, ಅವನ ಮನೆಗೆ ಹೋದಾಗೆಲ್ಲ ಮೊದ್ಲು ಅದನ್ನೇ ನೋಡ್ತೀನಿ.