ಸೈಮನ್ ಫ್ರಿತ್ ಅವರ ‘ಪರ್ಫಾರ್ಮಿಂಗ್ ರೈಟ್ಸ್’: ಐದಕ್ಕೆ ನಾಲ್ಕು ಸ್ಟಾರ್, ಕಾಪಿ ಕಳ್ಸಿದೋರಿಗೆ ಒಂದು

ಕೊನೆಗೂ ಮುಗಿಸ್ದೆ, ಎರಡು ತಿಂಗ್ಳು ಹಿಡೀತು. 1996ರಲ್ಲಿ ಹಾರ್ವರ್ಡ್ ಯೂನಿವರ್ಸಿಟಿ ಪ್ರೆಸ್‌ನಿಂದ ಬಂದ, ಪಾಪ್ ಹಾಡುಗಳ ಬಗ್ಗೆ ಇರೋ ಪುಸ್ತಕ, ಆನ್‌ಲೈನಲ್ಲಿ ಸೆಕೆಂಡ್ ಹ್ಯಾಂಡ್ ತರಿಸ್ಕೊಂಡಿದ್ದು. ಹೊಸದರ ಥರಾನೇ ಇದೆ ಅಂತ ಹಾಕಿದ್ರು, ಬಂದಿದ್ ನೋಡಿದ್ರೆ ಬೈಂಡಿಂಗ್ ಬಿಟ್ಕೊಂಡು ಹಾಳೆ ಕೈಗೇ ಬರ್ತಿದೆ, ಮೊದಲ್ನೇ ಪುಟದಿಂದ್ಲೇ ಯಾರೋ ಪೆನ್ಸಿಲಲ್ಲಿ ಗೀಟು ಎಳೆದಿದಾರೆ.

ಫ್ರಿತ್ ಬರ್ಕ್ಲಿಯಲ್ಲಿ ಸೋಷಿಯಾಲಜಿ ಪಿಎಚ್‌ಡಿ ಮಾಡಿದೋರು. ರಾಕ್ ವಿಮರ್ಶಕ ಆಮೇಲೆ ಪ್ರೊಫೆಸರ್ ಆದ್ರು ಅಂತ ಹೇಳ್ತಾರಲ್ಲ, ಅದು ಪೂರ್ತಿ ಸರಿಯಲ್ಲ, ಇಂಗ್ಲೆಂಡಿನ ವಾರ್ವಿಕ್ ಯೂನಿವರ್ಸಿಟಿಯಲ್ಲಿ ಪಾಠಾನೂ ನಡೀತಿತ್ತು, ಸಂಡೇ ಟೈಮ್ಸ್ ಪೇಪರ್‌ಗೆ ಬರೆಯೋದೂ ನಡೀತಿತ್ತು. 1992ರಲ್ಲಿ ಮರ್ಕ್ಯುರಿ ಪ್ರೈಜ್ (ಬ್ರಿಟನ್ನಲ್ಲಿ ವರ್ಷದ ಒಳ್ಳೇ ಆಲ್ಬಮ್‌ಗೆ ಕೊಡೋ ಪ್ರಶಸ್ತಿ) ಶುರುವಾದಾಗ್ಲಿಂದ ವರ್ಷಗಟ್ಲೆ ಅದರ ಜಡ್ಜ್‌ಗಳ ಅಧ್ಯಕ್ಷರು ಇವ್ರೇ ಆಗಿದ್ರು. 2006ರಲ್ಲಿ ಎಡಿನ್‌ಬರಾದಲ್ಲಿ ಮ್ಯೂಸಿಕ್ ಪ್ರೊಫೆಸರ್ ಆದ್ರು, ಸೋಷಿಯಾಲಜಿ ಮೇಷ್ಟ್ರು ಮ್ಯೂಸಿಕ್ ಡಿಪಾರ್ಟ್‌ಮೆಂಟಲ್ಲಿ!

ಪುಸ್ತಕದ ತಕರಾರು ಸಿಂಪಲ್ಲು. ಹಾಡನ್ನ ಯಾರು ಕೇಳ್ತಾರೆ, ಯಾಕೆ ಮಾರಾಟ ಆಗುತ್ತೆ ಅಂತೆಲ್ಲ ಯೂನಿವರ್ಸಿಟಿಯೋರು ನೋಡ್ತಾರೆ, ಚೆನ್ನಾಗಿದ್ಯಾ ಡಬ್ಬಾನಾ ಅಂದ್ರೆ ಮಾತ್ರ ಜಾರ್ಕೋತಾರೆ, ನಾವು ಕೇಳೋರು ನೋಡಿದ್ರೆ ಕಾಫಿ ಕುಡೀತಾ ಜಗಳ ಆಡೋದೇ ಅದಕ್ಕೆ. ಆ ಜಗಳಾನ ಸೀರಿಯಸ್ಸಾಗಿ ತಗೊಂಡಿದಾರೆ ನೋಡಿ, ಅಲ್ಲಿ ಪೇಪರ್‌ಗೆ ಬರೆದು ಪಳಗಿದ ಕೈ ಗೊತ್ತಾಗುತ್ತೆ.

ಲಿರಿಕ್ಸ್ ಬಗ್ಗೆ ಇರೋ ಚಾಪ್ಟರ್ ಸಖತ್. ಅದನ್ನ ಕವಿತೆ ಥರ ಹಾಳೆ ಮೇಲಿಟ್ಟು ಅಳೀಬೇಡಿ, ಒಬ್ರು ಬಾಯ್ಬಿಟ್ಟು ಹಾಡಿದ ಮಾತು ಅದು ಅಂತಾರೆ. ನಾನೂ ನನ್ನಿಷ್ಟದ ಸಿನಿಮಾ ಹಾಡೊಂದರ ಪಲ್ಲವಿ ಚೀಟಿ ಮೇಲೆ ಬರ್ಕೊಂಡು ಓದಿದೆ, ದಿನಸಿ ಪಟ್ಟಿ ಥರ ಇತ್ತು, ಇದ್ದಿದ್ದೆಲ್ಲಾ ಹಾಡಿದೋರು ಒಂದು ‘ನೀ’ ಎಳೆಯೋದ್ರಲ್ಲೇ. ಮುಂದಿನ ಚಾಪ್ಟರಲ್ಲಿ ಕಂಠಾನ ನಾಲ್ಕು ಥರ ಕೇಳಿಸ್ತಾರೆ: ವಾದ್ಯವಾಗಿ, ದೇಹವಾಗಿ, ವ್ಯಕ್ತಿಯಾಗಿ, ಪಾತ್ರವಾಗಿ. ಇದಾದ್ಮೇಲೆ ಹಾಡು ಕೇಳೋವಾಗ ಹಾಡ್ತಿರೋದು ಹೀರೋನಾ ಸಿಂಗರ್ರಾ ಅಂತ ತಲೆ ಅಲ್ಲೇ ಸುತ್ತುತ್ತೆ.

ಅದಕ್ಕೂ ಮುಂಚೆ ಬರೋ ಎರಡು ರಿದಮ್ ಚಾಪ್ಟರ್ ಮಾತ್ರ ಅಗಿಯೋಕಾಗಲ್ಲ. ತಾಳ ಅಂದ್ರೆ ಬರೀ ಮೈ ಕುಣಿಯೋದು, ಬುದ್ಧಿ ಬೇಡ ಅನ್ನೋದು ತಪ್ಪು ಅಂತ ವಾದ, ಒಳ್ಳೇ ವಾದಾನೇ, ಆದ್ರೆ ಅವ್ರು ಹೀಗಂದ್ರು ಇವ್ರು ಹಾಗಂದ್ರು ಅಂತ ಕೋಟ್ ಮೇಲೆ ಕೋಟ್. ನನ್ನ ಕಾಪಿಯ ಪೆನ್ಸಿಲ್ ಗೀಟೂ ಕರೆಕ್ಟಾಗಿ ಅಲ್ಲೇ ನಿಂತೋಗಿದೆ, ಪಾಪ, ಇನ್ನೊಂದ್ ಸ್ವಲ್ಪ ತಡ್ಕೊಂಡಿದ್ರೆ ಆ ‘ನೀ’ ಸಿಕ್ತಿತ್ತು.