ಸಕಲೇಶಪುರದಿಂದ ಬೆಂಗಳೂರಿಗೆ ಒಂದು ಪುಷ್ಪಕ್: ಹಾಸನದ ಸಾಗಣೆ ಸೇವೆಯ ಅನುಭವ

ಹನ್ನೊಂದು ವರ್ಷಗಳಿಂದ ಸಕಲೇಶಪುರದ ಬಳಿಯ ನಮ್ಮ ಕಾಫಿ ಗೋದಾಮಿನಲ್ಲಿ ದುರಸ್ತಿ ಅರ್ಧಕ್ಕೇ ನಿಂತಿದ್ದ ಪುಷ್ಪಕ್ ವಿಮಾನವನ್ನು, ಅದನ್ನು ಪೂರ್ಣಗೊಳಿಸುವ ಶಕ್ತಿ ನನ್ನ ಕೈಗಳಲ್ಲಿ ಇನ್ನು ಉಳಿದಿಲ್ಲವೆಂದು ಅರಿತು, ಕಳೆದ ತಿಂಗಳು ಬೆಂಗಳೂರಿನ ಆಸಕ್ತರೊಬ್ಬರಿಗೆ ಒಪ್ಪಿಸಿದೆ. ಅದನ್ನು ತಲುಪಿಸಿದವರು ಹಾಸನದ ಬಿ.ಎಂ. ರಸ್ತೆಯ ಒಂದು ಪ್ಯಾಕಿಂಗ್ ಮತ್ತು ಸಾಗಣೆ ಸಂಸ್ಥೆಯವರು.

1958ರಲ್ಲಿ ಮೊದಲು ಹಾರಿದ, ಎಚ್‌ಎಎಲ್ ನಿರ್ಮಿಸಿದ ಈ ಎರಡು ಆಸನಗಳ ವಿಮಾನ ನಮ್ಮ ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಅನೇಕರಿಗೆ ಹಾರಾಟ ಕಲಿಸಿದೆ. ಒಡಲು ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಬಟ್ಟೆಯ ಹೊದಿಕೆ. ರೆಕ್ಕೆಗಳ ಒಟ್ಟು ಹರವು ಸುಮಾರು 36 ಅಡಿ. ನನ್ನ ವಿಮಾನದ ರೆಕ್ಕೆಗಳಿಗೆ ಬಟ್ಟೆ ಇನ್ನೂ ಹೊದಿಸಿರಲಿಲ್ಲವಾದ್ದರಿಂದ, ಒಂದು ಹಗ್ಗ ತಪ್ಪಾಗಿ ಬಿಗಿದರೂ ರೆಕ್ಕೆಗೆ ಆಕಾರ ಕೊಡುವ ಒಳಗಿನ ಪಕ್ಕೆಲುಬುಗಳು ಬಾಗುವ ಭಯವಿತ್ತು.

ಬಂದ ನಾಲ್ವರು ಯುವಕರು ಮೊದಲು ಏನನ್ನೂ ಮುಟ್ಟದೆ ಅರ್ಧ ಗಂಟೆ ನೋಡಿದರು. ಬಳಿಕ ರೆಕ್ಕೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಹಳೆಯ ಕಂಬಳಿ ಸುತ್ತಿ, ಸಿಲ್ವರ್ ಓಕ್ ಹಲಗೆಗಳ ನಡುವೆ ಕೂರಿಸಿದರು. ಬಿಚ್ಚಿದ ಪ್ರತಿಯೊಂದು ಬೋಲ್ಟ್ ಅನ್ನು ಕಾಫಿ ಸ್ಯಾಂಪಲ್ ಚೀಲಗಳಲ್ಲಿ ಹಾಕಿ, ಎಲ್ಲಿಯದೆಂದು ಕನ್ನಡದಲ್ಲೇ ಬರೆದು ಕಟ್ಟಿದ್ದನ್ನು ಕಂಡು ನನ್ನ ಕಣ್ಣು ತುಂಬಿತು. ಚಾಲಕರು ಚನ್ನರಾಯಪಟ್ಟಣದಲ್ಲಿ ಲಾರಿ ನಿಲ್ಲಿಸಿ ಹಗ್ಗಗಳನ್ನು ಮತ್ತೊಮ್ಮೆ ಪರೀಕ್ಷಿಸಿದರು.

ಹೇಳಿದ್ದಕ್ಕಿಂತ ನಾಲ್ಕು ಗಂಟೆ ತಡವಾಗಿ ಬಂದದ್ದು, ಮುಂಚಿತವಾಗಿ ಫೋನ್ ಮಾಡದಿದ್ದದ್ದು ಮಾತ್ರ ಸರಿಯಲ್ಲ. ಬಾಡಿಗೆ ಸಾಮಾನ್ಯ ಮನೆ ಸಾಮಾನಿಗಿಂತ ಹೆಚ್ಚಾದರೂ ನ್ಯಾಯವಾಗಿಯೇ ಇತ್ತು. ಬೆಂಗಳೂರಿನಲ್ಲಿ ಇಳಿಸಿದಾಗ ಒಂದು ಪಕ್ಕೆಲುಬೂ ಬಾಗಿರಲಿಲ್ಲ.